ನಾಲ್ಕನೆಯವರಾಗಿ ಹೋದ ನಂಜುಂಡಯ್ಯ

ನಂಜುಂಡಯ್ಯನವರು ಒಂದೇ ಕೈಯಲ್ಲಿ ಚೀಲ ಹಿಡಿದು ನಡೆದದ್ದನ್ನು ಹಾಸನದಲ್ಲಿ ಯಾರೂ ಕಂಡಿರಲಾರರು. ಎರಡು ಕಿಲೋ ಆಲೂಗೆಡ್ಡೆ ಕೊಂಡರೆ ಅಂಗಡಿಯವನಿಂದ ಕಿಲೋ ಕಿಲೋದಂತೆ ಬೇರೆ ಬೇರೆ ತೂಗಿಸಿ, ಎಡಗೈಗೊಂದು ಬಲಗೈಗೊಂದು ಚೀಲ ಇಳಿಬಿಟ್ಟುಕೊಂಡು, ಸಂತೆಯ ನೂಕುನುಗ್ಗಲಿನ ನಡುವೆಯೂ ತಲೆಯನ್ನು ಆಚೀಚೆ ವಾಲಿಸದೆ, ನೆತ್ತಿಯ ಮೇಲೆ ತುಂಬಿದ ಬಿಂದಿಗೆ ಇದೆಯೇನೋ ಎಂಬಂತೆ ನಡೆದು ಬರುತ್ತಿದ್ದರು. ಕೊಂಡದ್ದು ಒಂದೇ ಕುಂಬಳಕಾಯಿಯಾದರೆ ಅದನ್ನು ಎರಡೂ ಕೈಯಿಂದ ಎದೆಯ ನಟ್ಟನಡುವೆ ಅವುಚಿಕೊಳ್ಳುತ್ತಿದ್ದರು. ಎದುರಿಗೆ ಸಿಕ್ಕ ಪರಿಚಯದವರು ನಮಸ್ಕಾರ ಎಂದರೆ ಕಾಯಿಸಮೇತ ಸೊಂಟ ಬಗ್ಗಿಸಿ ಪ್ರತಿನಮಸ್ಕಾರ ಮಾಡುತ್ತಿದ್ದರು.

ನಾನು ಅವರನ್ನು ಹತ್ತಿರದಿಂದ ಬಲ್ಲ ಕಾಲದಲ್ಲಿ ಅವರಿಗೆ ಮೂವತ್ತೇಳು ವರ್ಷ ದಾಟಿರಲಿಲ್ಲ. ಆದರೆ ಹುಟ್ಟಿದೊಡನೆ ತಾತನ ಹೆಸರಿಟ್ಟುಬಿಟ್ಟಿದ್ದರಿಂದ ಅವರು ತೊಟ್ಟಿಲಿನಲ್ಲಿಯೇ ಬಹುವಚನ ಸಂಪಾದಿಸಿಕೊಂಡು, ಯೌವನವೆಂಬ ಅವಸ್ಥೆಯನ್ನು ಹಾಯದೆಯೇ ನೇರವಾಗಿ ಹಿರಿಯರಾಗಿಬಿಟ್ಟಿದ್ದರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಡಾಕ್ಟರ್ ಕೃಷ್ಣಪ್ಪನವರು ನಡೆಸುತ್ತಿದ್ದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರು ಹಿರಿಯ ಟೆಕ್ನೀಷಿಯನ್. ನಾನೋ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು, ಸಿಹಿಯ ವಿಷಯದಲ್ಲಿ ಇಂದ್ರಿಯನಿಗ್ರಹವಿಲ್ಲದವನು. ಮೂವತ್ತನಾಲ್ಕಕ್ಕೇ ಶುಗರ್ ಬಂದು, ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಅವರ ಮುಂದೆ ಕುಳಿತು ತೋಳು ಚಾಚುವ ಯೋಗ ನನ್ನದಾಯಿತು. ಅವರು ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಬೈದದ್ದು ಮಾತ್ರ ಗೊತ್ತಾಗುತ್ತಿತ್ತು. "ಮೇಷ್ಟ್ರೇ, ನಿನ್ನೆ ಯಾರ ಮನೇಲಿ ಹೋಳಿಗೆ?" ಎಂದು ರಕ್ತದ ಬಣ್ಣ ನೋಡಿಯೇ ಕೇಳುತ್ತಿದ್ದರು. ನಾನು ನಿರಾಕರಿಸುತ್ತಿದ್ದೆ. ಮಧ್ಯಾಹ್ನ ಬರುವ ವರದಿ ಅವರ ಪಕ್ಷ ವಹಿಸುತ್ತಿತ್ತು.

ಆ ಲ್ಯಾಬಿನ ಒಳಕೋಣೆಯಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಅವರ ಆರಾಧ್ಯದೈವವಿತ್ತು. ತೊಂಬತ್ತಾರರಲ್ಲಿ ಡಾಕ್ಟರು ಧೈರ್ಯ ಮಾಡಿ ತರಿಸಿದ ಕೂಲಿಂಗ್ ಸೆಂಟ್ರಿಫ್ಯೂಜ್ ಅದು. ನೋಡಲು ಮುಚ್ಚಳವಿರುವ ಟ್ರಂಕಿನ ಹಾಗೆ. ಒಳಗೆ ಸುತ್ತಲೂ ಗುಂಡಿಗಳಿರುವ ಒಂದು ಚಕ್ರ. ಗುಂಡಿಗಳಲ್ಲಿ ರಕ್ತದ ಟ್ಯೂಬುಗಳನ್ನಿಟ್ಟು ಮುಚ್ಚಿ ಸ್ವಿಚ್ಚು ಒತ್ತಿದರೆ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿ, ಕೆಂಪನ್ನು ಕೆಳಗೂ ಹಳದಿ ನೀರನ್ನು ಮೇಲಕ್ಕೂ ಬೇರ್ಪಡಿಸುತ್ತಿತ್ತು. ಬರಿಯ ತಿರುಗುವ ಯಂತ್ರ ಲ್ಯಾಬಿನಲ್ಲಿ ಮೊದಲೇ ಇತ್ತು. ಇದರ ಹೆಚ್ಚುಗಾರಿಕೆಯೆಂದರೆ ತಿರುಗುವಾಗಲೂ ಒಳಗೆ ನಾಲ್ಕೇ ಡಿಗ್ರಿ ಚಳಿ. ಕೆಲವು ಹಾರ್ಮೋನುಗಳ ಪರೀಕ್ಷೆಗೆ ತೆಗೆದ ರಕ್ತ ಬೆಚ್ಚಗಾದರೆ ಕೆಡುತ್ತದಂತೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಅಂಥ ರಕ್ತ ಬೆಳಗಿನ ಬಸ್ಸುಗಳಲ್ಲಿ, ಮಂಜುಗಡ್ಡೆ ತುಂಬಿದ ಫ್ಲಾಸ್ಕುಗಳೊಳಗೆ, ಕಂಡಕ್ಟರನ ಸೀಟಿನ ಪಕ್ಕ ಕುಳಿತು ಬರುತ್ತಿತ್ತು. ಯಂತ್ರ ತಣ್ಣಗೆ ತಿರುಗುವಾಗ ನಂಜುಂಡಯ್ಯನವರು ಎಂಥ ಏಪ್ರಿಲ್ಲಿನಲ್ಲೂ ತೋಳಿಲ್ಲದ ಮೆರೂನ್ ಸ್ವೆಟರನ್ನು ತೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದರು. ಇದೇನು ವೇಷವೆಂದು ಒಮ್ಮೆ ಕೇಳಿದ್ದಕ್ಕೆ, "ಅದು ಚಳೀಲಿ ಕೆಲಸ ಮಾಡ್ತಿರೋವಾಗ ನಾನು ಬರೀ ಷರ್ಟಲ್ಲಿ ನಿಂತ್ಕೊಳ್ಳೋದು ಮರ್ಯಾದೆ ಅಲ್ಲ" ಎಂದರು.

ಯಂತ್ರ ಬಂದ ಹೊಸದರಲ್ಲಿ ದೇವರಾಜು ಎಂಬ ಇನ್ನೊಬ್ಬ ಟೆಕ್ನೀಷಿಯನ್ ಒಂದೇ ಒಂದು ಟ್ಯೂಬನ್ನು ಒಳಗಿಟ್ಟು ತಿರುಗಲು ಬಿಟ್ಟು ಟೀ ಕುಡಿಯಲು ಹೋದನಂತೆ. ಎದುರು ಗುಂಡಿಯಲ್ಲಿ ಸಮತೂಕಕ್ಕೆ ಇನ್ನೊಂದು ಟ್ಯೂಬು ಇಡದಿದ್ದರೆ ಚಕ್ರ ಒಂದು ಕಡೆಗೆ ಎಳೆಯುತ್ತದೆ. ಯಂತ್ರ ದಡದಡನೆ ನಡುಗಿ, ಕಟ್ಟೆಯ ಮೇಲೆ ತಾನಾಗಿ ನಡೆಯುತ್ತ ಹೋಗಿ, ವೈರು ಬಿಗಿದು ಪ್ಲಗ್ಗು ಕಿತ್ತುಬಂದದ್ದರಿಂದ ಒಂದು ಕಾಲನ್ನು ಅಂಚಿನಾಚೆ ಇಳಿಬಿಟ್ಟು ನಿಂತಿತ್ತು. ಅಂದಿನಿಂದ ಅದರ ಮುಚ್ಚಳ ತೆಗೆಯುವ ಅಧಿಕಾರ ನಂಜುಂಡಯ್ಯನವರೊಬ್ಬರದೇ. ಒಂದೇ ಸ್ಯಾಂಪಲ್ ಬಂದ ದಿನ ಇನ್ನೊಂದು ಟ್ಯೂಬಿಗೆ ನೀರು ತುಂಬಿ, ಎರಡನ್ನೂ ಪುಟ್ಟ ತಕ್ಕಡಿಯಲ್ಲಿ ಎದುರುಬದುರು ಇಟ್ಟು, ಹನಿ ಹನಿಯಾಗಿ ಸರಿತೂಗಿಸಿ, ಆಮೇಲೆ ಒಳಗಿಡುತ್ತಿದ್ದರು. ಮೂರು ಟ್ಯೂಬುಗಳನ್ನು ಸಮದೂರದಲ್ಲಿ ಇಟ್ಟರೆ ನಾಲ್ಕನೆಯದು ಬೇಕಿಲ್ಲವೆಂದು ಕಂಪನಿಯ ಎಂಜಿನಿಯರು ಚಿತ್ರ ಬರೆದು ವಿವರಿಸಿದ. ಇವರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅದೆಲ್ಲ ಸರಿ, ಎದುರಿಗೇನು?" ಎಂದು ಕೇಳಿದರು. ಎಂಜಿನಿಯರು ಕಾಗದ ಮಡಚಿಕೊಂಡು ಹೋದ.

ಈ "ಎದುರಿಗೇನು?" ಎಂಬುದು ಕ್ರಮೇಣ ಅವರ ಸರ್ವಾರ್ಥಸಾಧಕ ಪದವಾಯಿತು. ಇಂಥವರ ಮಗನಿಗೆ ಮೈಸೂರಿನಲ್ಲಿ ಕೆಲಸವಾಯಿತಂತೆ ಎಂದರೆ "ಎದುರಿಗೇನು?" ಎನ್ನುವರು, ಅಂದರೆ ಅದಕ್ಕೆ ಪ್ರತಿಯಾಗಿ ಏನು ಕಳೆದುಕೊಂಡ ಎಂದು. ಮದುವೆಮನೆಯಲ್ಲಿ ಎದುರು ಪಂಕ್ತಿಯ ಎಲೆ ಖಾಲಿಯಿದ್ದರೆ ಊಟಕ್ಕೆ ಕೂರುತ್ತಿರಲಿಲ್ಲ. ಒಮ್ಮೆ ಹಾಗೆ ಎದುರಿನವರಿಗಾಗಿ ಕಾಯುತ್ತ ನಿಂತು ಮೂರು ಪಂಕ್ತಿ ಕಳೆದು, ಕೊನೆಗೆ ಅಡುಗೆಭಟ್ಟರ ಎದುರಿಗೆ ಕುಳಿತು ಉಂಡು ಬಂದರು.

ಇಂಥವರ ಈ ಗುಣಕ್ಕೆ ಊರು ಒಂದು ಉಪಯೋಗ ಕಂಡುಕೊಳ್ಳದೆ ಬಿಡುತ್ತದೆಯೇ? ಶುಭಕಾರ್ಯಕ್ಕೆ ಮೂವರು ಹೊರಡಬಾರದು, ಹೊರಟರೆ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಹೊರಡಲೇಬೇಕಾದರೆ ಒಂದು ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಅದನ್ನೇ ನಾಲ್ಕನೆಯವರೆಂದು ಲೆಕ್ಕ ಹಿಡಿಯುವುದು ರೂಢಿ. ಹಾಸನದ ನಮ್ಮ ಬಳಗದಲ್ಲಿ ಕಲ್ಲಿನ ಬದಲು ನಂಜುಂಡಯ್ಯನವರನ್ನು ಕರೆದುಕೊಂಡು ಹೋಗುವ ಪದ್ಧತಿ ಹೇಗೋ ಬೆಳೆಯಿತು. ಕರೆದಾಗ ಬರುವರು, ಕೊಟ್ಟಷ್ಟು ತಿನ್ನುವರು, ಕೇಳದೆ ಮಾತಾಡರು. ಹೆಣ್ಣು ನೋಡಲು ಹೊರಟ ಮೂವರ ಹನ್ನೊಂದು ಗುಂಪುಗಳಿಗೆ ಅವರು ನಾಲ್ಕನೆಯವರಾಗಿ ಹೋಗಿ, ಹನ್ನೊಂದೂ ಸಂಬಂಧ ಕುದುರಿತ್ತು. ಅವರದು ಮಾತ್ರ ಕುದುರಿರಲಿಲ್ಲ. ಎರಡು ಕಡೆ ಮಾತು ಬಂದು, ಎರಡೂ ಕಡೆಯವರು ಒಂದೇ ಕಾರಣಕ್ಕೆ ಹಿಂದೆ ಸರಿದಿದ್ದರು. ದಿನವೆಲ್ಲ ಕಂಡಕಂಡವರ ರಕ್ತ ಮುಟ್ಟುವ ಕೈ, ಆ ಕೈಗೆ ಹೇಗೆ ಧಾರೆ ಎರೆಯುವುದು ಎಂದು. ಆಮೇಲೆ ನಂಜುಂಡಯ್ಯನವರು ತಮ್ಮ ವಿಷಯ ಎತ್ತುವುದನ್ನೇ ಬಿಟ್ಟರು. ನಾವೂ ಎತ್ತಲಿಲ್ಲ. ಹೇಳಿಕೊಳ್ಳಲು ನನಗೇ ನಾಚಿಕೆಯಾಗುತ್ತದೆ.

ತೊಂಬತ್ತೊಂಬತ್ತರ ಮಾಘದಲ್ಲಿ ನನ್ನ ಹೆಂಡತಿಯ ತಮ್ಮ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ವಿಶ್ವಾಸನಿಗೆ ಹೊಳೆನರಸೀಪುರದಲ್ಲಿ ಹೆಣ್ಣು ನೋಡುವುದೆಂದಾಯಿತು. ಮೊದಲು ಗಂಡಸರು ಹೋಗಿ ನೋಡಿ, ಒಪ್ಪಿಗೆಯಾದರೆ ಆಮೇಲೆ ಹೆಂಗಸರು ಹೋಗುವುದು ಮಾವನ ಮನೆಯ ಕ್ರಮ. ವಿಶ್ವಾಸ, ನಿವೃತ್ತ ಹೆಡ್‌ಮಾಸ್ಟರಾದ ನಮ್ಮ ಮಾವ, ನಾನು, ಒಟ್ಟು ಮೂರು. ಅತ್ತೆ ಶ್ರೀರಂಗಮ್ಮನವರು ಹಿತ್ತಲಿನಿಂದ ಒಂದು ಕಲ್ಲು ತೊಳೆದು ತಂದು ಬಾಗಿಲಲ್ಲಿ ನಿಂತರು.

"ಬಸ್ಸಲ್ಲಿ ಅರವತ್ತು ಜನ ಇರ್ತಾರಲ್ಲೇ, ಮೂರು ಎಲ್ಲಿಂದ ಬಂತು?" ಎಂದರು ಮಾವ.

"ಆ ಅರವತ್ತು ಜನಾನೂ ಉಪ್ಪಿಟ್ಟು ತಿನ್ನೋಕೆ ಹುಡುಗಿ ಮನೆಗೆ ಬರ್ತಾರಾ?"

"ಬಿ.ಎಸ್ಸಿ. ಓದಿರೋ ಹುಡುಗಿ ಮನೆಗೆ ಕಲ್ಲು ಹೊತ್ಕೊಂಡು ಹೋಗೋದು ನನ್ನ ಕೈಲಾಗಲ್ಲ."

ಜಗಳ ತೀರಲೆಂದು ನಂಜುಂಡಯ್ಯನವರ ಹೆಸರು ಹೇಳಿದವನು ನಾನೇ. ಅವರು ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು, ಹಣ್ಣಿನ ಎರಡು ಚೀಲಗಳನ್ನು ಎರಡು ಕೈಗೆ ಹಂಚಿಕೊಂಡು, ಬಸ್ ನಿಲ್ದಾಣದಲ್ಲಿ ನಮಗಿಂತ ಮೊದಲೇ ನಿಂತಿದ್ದರು.

ಹುಡುಗಿಯ ತಂದೆ ಲಕ್ಷ್ಮೀನರಸಿಂಹಯ್ಯನವರು ನರಸಿಂಹನ ಅರ್ಚಕರು, ಕಂಚಿನ ಕಂಠದವರು. ಹುಡುಗಿ ಹಂಸ, ಮೂವತ್ತರ ಹತ್ತಿರದವಳು, ಕೇಸರಿಬಾತು ತಂದಿಟ್ಟು ತಲೆ ತಗ್ಗಿಸದೆ ಎದುರಿಗೆ ಕುಳಿತಳು. ವಿಶ್ವಾಸ ಗಂಟಲು ಸರಿಮಾಡಿಕೊಂಡು, "ಹಾಡೋಕೆ ಬರತ್ತಾ?" ಎಂದ.

"ಬರಲ್ಲ. ಹಾಲು ಟೆಸ್ಟ್ ಮಾಡೋಕೆ ಬರತ್ತೆ."

ಅವಳು ಚನ್ನರಾಯಪಟ್ಟಣದ ಒಂದು ಖಾಸಗಿ ಡೈರಿಯಲ್ಲಿ ಹಾಲಿನ ಜಿಡ್ಡು ಅಳೆಯುವ ಕೆಲಸದಲ್ಲಿದ್ದಳು. ಗಾಜಿನ ಟ್ಯೂಬಿಗೆ ಹಾಲು, ಆಸಿಡ್ ಹಾಕಿ ಯಂತ್ರದಲ್ಲಿಟ್ಟು ತಿರುಗಿಸಿದರೆ ಜಿಡ್ಡು ಮೇಲಕ್ಕೆ ಬರುತ್ತದೆ, ಅದನ್ನು ಓದಿಕೊಳ್ಳಬೇಕು ಎಂದು ಸರಳವಾಗಿ ವಿವರಿಸಿದಳು. ವಿಶ್ವಾಸ ಹೂಂ ಎಂದು ಕೇಸರಿಬಾತಿನಲ್ಲಿ ಗೋಡಂಬಿ ಹುಡುಕುತ್ತಿದ್ದ. ನನ್ನ ಪಕ್ಕದಲ್ಲಿ ಚಮಚ ತಟ್ಟೆಗೆ ಬಿದ್ದ ಸದ್ದಾಯಿತು.

"ಎದುರಿಗೇನು?" ಎಂದರು ನಂಜುಂಡಯ್ಯನವರು.

ಮಾವ ಕಣ್ಣು ಕೆಕ್ಕರಿಸಿದರು. ನಾನು ಮೊಣಕೈಯಿಂದ ತಿವಿದೆ. ಹನ್ನೊಂದು ಮನೆಗಳಲ್ಲಿ ಬಾಯಿ ಬಿಡದ ನಾಲ್ಕನೆಯವರು ಹನ್ನೆರಡನೆಯದರಲ್ಲಿ ಮಾತಾಡಿಬಿಟ್ಟಿದ್ದರು. ಆದರೆ ಆ ಪ್ರಶ್ನೆಗೆ ಅರ್ಥ ಕೇಳದೆ ಉತ್ತರ ಕೊಟ್ಟ ಜೀವ ನನಗೆ ತಿಳಿದಂತೆ ಹಂಸ ಒಬ್ಬಳೇ.

"ಒಬ್ಬರದೇ ಹಾಲು ಬಂದಿದ್ರೆ ಅದನ್ನೇ ಇನ್ನೊಂದು ಟ್ಯೂಬಿಗೂ ಹಾಕಿ ಎದುರಿಗಿಡ್ತೀನಿ."

"ನೀರು ಇಡಲ್ವಾ?"

"ನೀರಿಟ್ರೆ ತೂಕಕ್ಕೆ ಮಾತ್ರ ಆಯ್ತು. ಹಾಲಿಟ್ರೆ ಅದೂ ಲೆಕ್ಕಕ್ಕೆ ಬರತ್ತೆ. ಒಂದು ಸುಳ್ಳು ಹೇಳಿದ್ರೆ ಇನ್ನೊಂದು ಹಿಡಿದುಕೊಡತ್ತೆ."

ನಂಜುಂಡಯ್ಯನವರು ತಟ್ಟೆ ಕೆಳಗಿಟ್ಟರು. ಅಲ್ಲಿಂದ ಮುಂದೆ ಸುತ್ತುಗಳ ವೇಗ, ಮುಚ್ಚಳದ ರಬ್ಬರು, ವೋಲ್ಟೇಜಿನ ಕಾಟ ಎಂದು ಇಬ್ಬರಿಗೂ ಮಾತು ನಿಲ್ಲಲಿಲ್ಲ. ವಿಶ್ವಾಸ ಎರಡನೆಯ ತಟ್ಟೆ ಕೇಸರಿಬಾತು ಮುಗಿಸಿದ. ಹಿಂದಿರುಗುವಾಗ ಬಸ್ಸು ಮೊಸಳೆ ಎಂಬ ಊರಿನಲ್ಲಿ ನಿಂತಿತು. ಅಲ್ಲಿ ಜನ ಇಳಿಯುವಾಗ, "ಹದಿನಾಲ್ಕು ವರ್ಷದಿಂದ ಬರೀ ನೀರು ತಿರುಗಿಸಿದೀನಲ್ಲ ಮೇಷ್ಟ್ರೇ" ಎಂದರು ನಂಜುಂಡಯ್ಯನವರು.

ವಾರದೊಳಗೆ ಲಕ್ಷ್ಮೀನರಸಿಂಹಯ್ಯನವರು ಸ್ವತಃ ಮಾವನ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಬೋರಲು ಹಾಕಿ, ಇದ್ದದ್ದು ಇದ್ದ ಹಾಗೆ ಹೇಳಿದರು. "ತಪ್ಪು ತಿಳ್ಕೋಬೇಡಿ. ನಿಮ್ಮ ಹುಡುಗನ ಮೇಲೆ ದೂರಿಲ್ಲ. ನಮ್ಮ ಹುಡುಗಿ ಆ ನಾಲ್ಕನೆಯವರು ಯಾರು ಅಂತ ಕೇಳ್ತಿದಾಳೆ."

ಅವರು ಗೇಟು ದಾಟುವವರೆಗೆ ತಡೆದುಕೊಂಡಿದ್ದ ಅತ್ತೆ ಆಮೇಲೆ ಮಾವನತ್ತ ತಿರುಗಿದರು. "ಅದಕ್ಕೇ ಬಡ್ಕೊಂಡೆ, ಕಲ್ಲು ತಗೊಂಡು ಹೋಗಿ ಅಂತ. ಕಲ್ಲನ್ನ ಯಾವ ಹುಡುಗಿ ಒಪ್ತಿದ್ಲು?"

ಮಾವ ತಮ್ಮ ಜೀವಮಾನದ ವೈಚಾರಿಕತೆಯನ್ನು ದಿನಪತ್ರಿಕೆಯ ಹಿಂದೆ ಮರೆಸಿಕೊಂಡರು. ವಿಶ್ವಾಸ, ತಾನೇ ಬೇಡವೆನ್ನಬೇಕೆಂದಿದ್ದೆ ಎಂದು ಮನೆಯವರಿಗೆಲ್ಲ ಬೇರೆಬೇರೆಯಾಗಿ ಹೇಳಿದ. ಈ ಸಂಗತಿ ನಂಜುಂಡಯ್ಯನವರ ಕಿವಿಗೆ ಬೀಳಕೂಡದೆಂದು ನನ್ನ ಹೆಂಡತಿ ಅಪ್ಪಣೆ ಮಾಡಿದಳು. ನಾನು ಇಪ್ಪತ್ತು ದಿನ ಅದನ್ನು ಪಾಲಿಸಿದೆ. ಒಬ್ಬ ಒಳ್ಳೆಯ ಮನುಷ್ಯನ ಬಾಳಿನ ಪ್ರಶ್ನೆಯನ್ನು ಮನೆಯ ಶಾಂತಿಗೋಸ್ಕರ ಜೇಬಿನಲ್ಲಿಟ್ಟುಕೊಂಡು ತಿರುಗಿದ ಆ ಇಪ್ಪತ್ತು ದಿನ ನನಗೆ ಈಗಲೂ ಚುಚ್ಚುತ್ತವೆ. ಇಪ್ಪತ್ತೊಂದನೆಯ ದಿನ ತೋಳು ಚಾಚಿ ಕುಳಿತಾಗ, ಅವರ ಮುಖ ನೋಡಲಾರದೆ ಹೇಳಿಬಿಟ್ಟೆ. ಅಂದು ಮೊದಲ ಸಲ ಸೂಜಿ ಚುಚ್ಚಿದ್ದು ನನಗೆ ಗೊತ್ತಾಯಿತು.

"ಆಗೋಲ್ಲ ಮೇಷ್ಟ್ರೇ" ಎಂದರು, ಹತ್ತಿಯಿಂದ ನನ್ನ ತೋಳು ಒತ್ತಿ ಹಿಡಿದು. "ನಾನು ಜೊತೆಗೆ ಹೋದೋನು. ಜೊತೆಗೆ ಹೋದೋನು ಇನ್ನೊಬ್ಬರಿಗೆ ಅಂತ ನೋಡಿದ್ದನ್ನ ತಾನು ತಗೊಂಡ್ರೆ, ನಾಳೆ ಯಾರು ಯಾರನ್ನ ನಂಬಿ ಕರ್ಕೊಂಡು ಹೋಗ್ತಾರೆ?"

"ನಿಮಗೆ ಇಷ್ಟ ಇದೆಯೋ ಇಲ್ಲವೋ, ಅದು ಹೇಳಿ."

"ಇಷ್ಟ ಇದೆ. ಅದಕ್ಕೇ ಆಗೋಲ್ಲ ಅಂದದ್ದು." ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡು, "ಅವರ ತಂದೆ ಅರ್ಚಕರು. ಈ ಕೈ ಏನು ಮುಟ್ಟತ್ತೆ ಅಂತ ಅವರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ" ಎಂದರು.

ವಿಶ್ವಾಸನಿಗೆ ಮದುವೆಯಾಗುವವರೆಗೆ ಆ ಮಾತೇ ಬೇಡವೆಂದು ಅವರು ಪಟ್ಟು ಹಿಡಿದರು. ಆ ವೇಳೆಗೆ ಸುದ್ದಿ ಊರೆಲ್ಲ ಹಬ್ಬಿ, ಅವರನ್ನು ನಾಲ್ಕನೆಯವರಾಗಿ ಕರೆಯುವವರೂ ಇಲ್ಲವಾದರು. ಗಂಡು ಹೆತ್ತವರು ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಭಾದ್ರಪದದ ಹೊತ್ತಿಗೆ ವಿಶ್ವಾಸನಿಗೆ ಅರಕಲಗೂಡಿನಲ್ಲಿ ಹೆಣ್ಣು ಗೊತ್ತಾಯಿತು. ಆ ಸಲ ನಾವು ಮೂವರು ಮತ್ತು ಕಲ್ಲು. ಕಾರ್ತೀಕದಲ್ಲಿ ಮದುವೆಯೂ ಆಯಿತು. ಆದರೂ ನಂಜುಂಡಯ್ಯನವರು ಹೊಳೆನರಸೀಪುರದ ಬಸ್ಸು ಹತ್ತಲಿಲ್ಲ. ಇಂದು ಸ್ಯಾಂಪಲ್ ಜಾಸ್ತಿ, ನಾಳೆ ಕರೆಂಟಿಲ್ಲ ಎಂದು ದಿನ ತಳ್ಳಿದರು. ಮೂರನೆಯ ಸಲವೂ ಬೇಡ ಅನ್ನಿಸಿಕೊಳ್ಳುವ ಭಯ ಅದೆಂದು ನನಗೆ ಅರ್ಥವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೊನೆಗೆ ವಿಷಯವನ್ನು ಹೊಳೆನರಸೀಪುರಕ್ಕೆ ನಾನೇ ಬರೆದು ತಿಳಿಸಿದೆ.

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ಹಸಿದ ಹೊಟ್ಟೆಯಲ್ಲಿ ಲ್ಯಾಬಿನ ಬೆಂಚಿನ ಮೇಲೆ ಕುಳಿತಿದ್ದೆ. ಹೊಳೆನರಸೀಪುರದ ಬಸ್ಸಿನಿಂದ ಫ್ಲಾಸ್ಕು ತರಲು ಹೋಗಿದ್ದ ಅಟೆಂಡರ್ ಹುಲಿಯಪ್ಪ, ದೊಡ್ಡಗದ್ದವಳ್ಳಿ ಕಡೆಯವನು, ಫ್ಲಾಸ್ಕಿನ ಜೊತೆಗೆ ಇಬ್ಬರನ್ನು ಕರೆತಂದ. ಹಂಸ ಸೀದಾ ಹೋಗಿ ನಂಜುಂಡಯ್ಯನವರ ಮುಂದಿನ ಸ್ಟೂಲಿನ ಮೇಲೆ ಕುಳಿತು ತೋಳು ಚಾಚಿದಳು. "ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಬೇಕಂತೆ, ಪೇಪರಲ್ಲಿ ಬಂದಿತ್ತು. ಏನೇನು ಇದೆಯೋ ಎಲ್ಲಾ ಮಾಡಿ."

ನಂಜುಂಡಯ್ಯನವರು ಅವಳನ್ನು ಬಿಟ್ಟು ಅವಳ ತಂದೆಯನ್ನು ನೋಡಿದರು. "ಸ್ವಾಮಿ, ನಾನು ದಿನಾ ಮಾಡೋದು ಇದೇ ಕೆಲಸ. ನೀವು ನೋಡ್ಬೇಕು ಅಂತ" ಎಂದು ನಿಲ್ಲಿಸಿದರು.

ಲಕ್ಷ್ಮೀನರಸಿಂಹಯ್ಯನವರು ಶಾಲು ಸರಿಮಾಡಿಕೊಂಡು, ಗರ್ಭಗುಡಿಯಲ್ಲಿ ಮಂತ್ರ ಹೇಳುವ ಕಂಠದಲ್ಲೇ ಹೇಳಿದರು. "ಹಿರಣ್ಯಕಶಿಪುವಿನ ಹೊಟ್ಟೆ ಬಗೆದು ಕರುಳು ಮಾಲೆ ಹಾಕ್ಕೊಂಡ ದೇವರನ್ನ ನಲವತ್ತು ವರ್ಷದಿಂದ ಪೂಜೆ ಮಾಡ್ತಿದೀನಿ ಕಣಯ್ಯ. ನೀನು ಎರಡು ಚಮಚ ರಕ್ತ ತೋರಿಸಿ ನನ್ನ ಹೆದರಿಸ್ತೀಯಾ?"

ನಂಜುಂಡಯ್ಯನವರು ಸೂಜಿ ತೆಗೆದುಕೊಂಡರು. ಹಂಸಳ ರಕ್ತ ಟ್ಯೂಬಿಗಿಳಿಯಿತು. ಅಭ್ಯಾಸಬಲದಿಂದ ಅವರ ಎಡಗೈ ನೀರಿನ ಟ್ಯೂಬಿನತ್ತ ಹೋಯಿತು.

"ಎದುರಿಗೇನು?" ಎಂದಳು ಹಂಸ.

"ನೀರು."

"ನೀರು ಯಾಕೆ? ನೀವಿಲ್ವಾ?"

ಕೋಣೆಯಲ್ಲಿದ್ದ ನಾವು ಮೂವರೂ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದೆವು. ನಂಜುಂಡಯ್ಯನವರು ನೀರಿನ ಟ್ಯೂಬನ್ನು ಸಿಂಕಿಗೆ ಬಗ್ಗಿಸಿ, ಷರ್ಟಿನ ತೋಳು ಮೇಲಕ್ಕೆ ಮಡಚಿ, ಕಿರಿಯ ಟೆಕ್ನೀಷಿಯನ್ ತನ್ಮಯಿಯನ್ನು ಕರೆದು ಕೈ ಚಾಚಿದರು. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಹುಲಿಯಪ್ಪ ಎರಡು ಸಲ ಕಾಫಿ ತಂದ. ಆಮೇಲೆ ಎರಡು ಟ್ಯೂಬುಗಳೂ ತಕ್ಕಡಿಗೇರಿ, ತೂಕ ಸರಿಹೋಗಿ, ಎದುರುಬದುರು ಕುಳಿತವು. ಆ ಪರೀಕ್ಷೆಗಳಿಗೆ ಸಾಧಾರಣ ಯಂತ್ರವೇ ಧಾರಾಳವಾಗಿತ್ತು, ಆದರೆ ಅವರು ಮುಚ್ಚಳ ತೆರೆದದ್ದು ನಾಲ್ಕು ಡಿಗ್ರಿಯ ಆ ದೇವರದು. ಸ್ವೆಟರಿನ ಗುಂಡಿ ಹಾಕಿಕೊಂಡು ಹತ್ತು ನಿಮಿಷ ಅದರ ಮುಂದೆ ನೆಟ್ಟಗೆ ನಿಂತರು.

ಹುಲಿಯಪ್ಪ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. "ಏಳ್ ಎಜ್ಜೆ ಇಟ್ರೆ ಮದ್ವೆ ಅಂತಾರೆ ಸಾ. ಇವ್ರು ಇಬ್ರೂ ಆಗ್ಲೇ ನಲವತ್ ಸಾವ್ರ ಸುತ್ತು ಒಡ್ದವ್ರೆ. ಇನ್ನ ಬಿಡ್ಸಾಕಾಯ್ತದಾ?"

ಮಧ್ಯಾಹ್ನ ವರದಿ ಬಂತು. ಹಂಸಳದು ಎಲ್ಲವೂ ಸರಿಯಾಗಿತ್ತು. ನಂಜುಂಡಯ್ಯನವರ ಕಾಗದವನ್ನು ತನ್ಮಯಿ ಎರಡು ಸಲ ಓದಿ, ಡಾಕ್ಟರಿಗೆ ತೋರಿಸಿ, ಅಳುಮುಖ ಮಾಡಿಕೊಂಡು ತಂದುಕೊಟ್ಟಳು. ಅಂದು ಅವರೂ ತಿಂಡಿ ತಿಂದಿರಲಿಲ್ಲ. ಖಾಲಿ ಹೊಟ್ಟೆಯ ಶುಗರ್ ಇನ್ನೂರ ನಲವತ್ತು, ನನ್ನದಕ್ಕಿಂತ ಎಪ್ಪತ್ತು ಹೆಚ್ಚು. ಎಷ್ಟು ಕಾಲದಿಂದ ಇತ್ತೋ ದೇವರೇ ಬಲ್ಲ. ಇನ್ನೊಂದು ವರ್ಷ ಗೊತ್ತಾಗದಿದ್ದರೆ ಕಣ್ಣಿಗೋ ಕಿಡ್ನಿಗೋ ಬರುತ್ತಿತ್ತೆಂದರು ಡಾಕ್ಟರು. ಹಂಸ ಆ ಕಾಗದವನ್ನು ಮಡಚಿ ತನ್ನ ಪರ್ಸಿಗೆ ಹಾಕಿಕೊಂಡು, "ಇನ್ನು ಇದು ನನ್ನ ಹತ್ರ ಇರಲಿ" ಎಂದಳು. ಫಾಲ್ಗುಣದಲ್ಲಿ ಮದುವೆಯಾಯಿತು. ಬೀಗರ ಪಂಕ್ತಿಯಲ್ಲಿ ನನಗೂ ಮದುಮಗನಿಗೂ ಸಕ್ಕರೆಯಿಲ್ಲದ ಪಾಯಸ ಬಡಿಸಿದರು. ಅಂಥ ಕೆಟ್ಟ ಪಾಯಸವನ್ನು ಅಷ್ಟು ಸಂತೋಷದಿಂದ ಉಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಹದಿನೈದು ವರ್ಷ ಊರಿನವರ ರಕ್ತ ತೆಗೆದ ಮನುಷ್ಯನ ರಕ್ತವನ್ನು ಒಬ್ಬರೂ, ಅವರೂ ಸೇರಿದಂತೆ, ಒಮ್ಮೆಯೂ ನೋಡಿರಲಿಲ್ಲ. ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಮದುವೆಗೆ ಬೇಕಾದವರು, ಸಾವಿಗೆ ಬೇಕಾದವರು, ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಜೊತೆಗೆ ಕುಳಿತಿರಬೇಕಾದವರು. ನಮ್ಮ ಕಾರ್ಯ ಕೆಡದಿರಲೆಂದು ಅವರನ್ನು ಕರೆದೊಯ್ಯುತ್ತೇವೆ, ಕಾರ್ಯವಾದ ಮೇಲೆ ಅವರ ಮನೆಯ ತಿರುವಿನಲ್ಲಿ ಇಳಿಸಿ ಬರುತ್ತೇವೆ. ಅವರ ಆರೋಗ್ಯ ಯಾವಾಗಲೂ ಚೆನ್ನಾಗಿರುತ್ತದೆಂದು ನಾವು ದೃಢವಾಗಿ ನಂಬಿರುವುದಕ್ಕೆ ಕಾರಣ ಒಂದೇ, ನಾವು ಅವರನ್ನು ಎಂದೂ ಕೇಳಿಲ್ಲ.